ಒಣಹುಲ್ಲಿಗೆ ಯೂರಿಯಾ ಉಪಚಾರ

ಭತ್ತದ ಹುಲ್ಲಿನಲ್ಲಿ ಪ್ರೋಟೀನು ತೀರ ಕಡಿಮೆ. ನಾರು ಬಿಗಿಯಾಗಿರುವುದರಿಂದ ಅದು ಸುಲಭವಾಗಿ ಜೀರ್ಣವೂ ಆಗದು. ಯೂರಿಯಾ ಉಪಚಾರದಿಂದ ಈ ಎರಡೂ ಕೊರತೆಗಳು ತಗ್ಗುತ್ತವೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ 21 ದಿನ ಗಾಳಿಯಾಡದಂತೆ ಮುಚ್ಚಬೇಕು. ಒಳಗೆ ಹುಟ್ಟುವ ಅಮೋನಿಯಾ ನಾರನ್ನು ಸಡಿಲಿಸುತ್ತದೆ. ಅದರ ಸಾರಜನಕವನ್ನು ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಪ್ರೋಟೀನಾಗಿಸುತ್ತವೆ. ತೆಗೆದ ಹುಲ್ಲನ್ನು ಹರಡಿ, ಘಾಟು ಹೋದ ಮೇಲೆಯೇ ತಿನ್ನಿಸಬೇಕು.

ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಯೂರಿಯಾ ಕರಗಿಸಿದ ನೀರಿನ ಬಗ್ಗೆ: ಆ ಬಕೆಟ್ಟಿಗೆ ದನ ಬಾಯಿ ಹಾಕಿದರೆ ಪ್ರಾಣವೇ ಹೋದೀತು. ಹಸಿರು ಮೇವು ಧಾರಾಳವಾಗಿರುವವರಿಗೆ ಈ ಶ್ರಮ ಬೇಕಿಲ್ಲ. ಬೇಸಿಗೆಯಲ್ಲಿ ಒಣಹುಲ್ಲನ್ನೇ ನೆಚ್ಚಿದ ಕೊಟ್ಟಿಗೆಗೆ ಮಾತ್ರ ಇದು ನಿಜವಾದ ಆಸರೆ.