ಪಾಚಿಯ ಮಾತ್ರೆ: ಗುಣವೆಷ್ಟು, ಮಿತಿಯೆಷ್ಟು?



ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿಯನ್ನು ತಿಕ್ಕಿ ತಿಕ್ಕಿ ತೆಗೆಯುವವರು ನಾವು. ಅದೇ ಬಳಗದ ಒಂದು ಪಾಚಿ ಈಗ ಹಸಿರು ಮಾತ್ರೆಯಾಗಿ, ಪುಡಿಯಾಗಿ ಅಂಗಡಿಗೆ ಬಂದಿದೆ. ಇದರ ಹೆಸರು ಸ್ಪಿರುಲಿನಾ. ರಕ್ತಹೀನತೆ, ನಿಶ್ಶಕ್ತಿ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಇದೊಂದೇ ಸಾಕು ಎಂದು ಹೇಳಿ ಮಾರುವವರೂ ಇದ್ದಾರೆ. ಬೆವರು ಸುರಿಸಿ ಗಳಿಸಿದ ಹಣವನ್ನು ಕೊಡುವ ಮೊದಲು ಇದರ ಗುಣವನ್ನೂ ಮಿತಿಯನ್ನೂ ತಿಳಿದಿರುವುದು ಒಳ್ಳೆಯದು.

ಸ್ಪಿರುಲಿನಾ ಸುರುಳಿಯಾಕಾರದ, ಅತಿ ಸೂಕ್ಷ್ಮವಾದ ನೀಲಿ-ಹಸಿರು ಪಾಚಿ. ಇದು ಹೊಸ ಆಹಾರವೇನಲ್ಲ. ಆಫ್ರಿಕಾದ ಚಾಡ್ ಸರೋವರದ ಬಳಿಯ ಕಾನೆಂಬು ಜನರು ಇದನ್ನು ನೀರಿನಿಂದ ಸೋಸಿ, ಮರಳಿನ ಮೇಲೆ ಒಣಗಿಸಿ, ‘ದಿಹೆ’ ಎಂಬ ಬಿಲ್ಲೆ ಮಾಡಿ ಸಾರಿಗೆ ಹಾಕುತ್ತಾರೆ. 16ನೇ ಶತಮಾನದಲ್ಲಿ ಮೆಕ್ಸಿಕೋಗೆ ಹೋದ ಸ್ಪೇನಿನವರು, ಅಲ್ಲಿನ ಜನರು ಸರೋವರದ ಪಾಚಿಯನ್ನು ಒಣಗಿಸಿ ತಿನ್ನುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ನಮ್ಮಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಇದನ್ನು ಬೆಳೆಸುವ ವಿಧಾನದ ಮೇಲೆ ಕೆಲಸ ಮಾಡಿದೆ. ಚಿಕ್ಕಿಯಲ್ಲಿಯೂ ಇದನ್ನು ಬೆರೆಸಿದೆ.

ಒಣಗಿದ 100 ಗ್ರಾಂ ಪುಡಿಯಲ್ಲಿ ಸುಮಾರು 57 ಗ್ರಾಂ ಪ್ರೋಟೀನ್, 28 ಮಿಲಿಗ್ರಾಂ ಕಬ್ಬಿಣ ಇವೆ. ‘ಎ’ ಜೀವಸತ್ವವಾಗಿ ಮಾರ್ಪಡುವ ಬೀಟಾ ಕೆರೋಟಿನ್ ಕೂಡ ಧಾರಾಳವಾಗಿದೆ. ಇದು ಸತ್ಯ. ಆದರೆ ದಿನಕ್ಕೆ 100 ಗ್ರಾಂ ಯಾರು ತಿನ್ನುತ್ತಾರೆ? ಅರ್ಧ ಗ್ರಾಂ ತೂಕದ ಆರು ಮಾತ್ರೆ ನುಂಗಿದರೆ ಒಟ್ಟು 3 ಗ್ರಾಂ. ಅದರಿಂದ ಸಿಗುವ ಪ್ರೋಟೀನ್ 2 ಗ್ರಾಮಿಗಿಂತ ಕಡಿಮೆ. ಕಬ್ಬಿಣ 1 ಮಿಲಿಗ್ರಾಮಿನ ಒಳಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಪ್ರಾಯದ ಹೆಂಗಸಿಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿಲಿಗ್ರಾಂ.

ಈಗ ನಮ್ಮ ಅಡುಗೆಮನೆಯನ್ನು ನೋಡೋಣ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. 50 ಗ್ರಾಂ ಹುರುಳಿಯಲ್ಲಿ ಸುಮಾರು 11 ಗ್ರಾಂ ಪ್ರೋಟೀನ್, 4 ಮಿಲಿಗ್ರಾಂ ಕಬ್ಬಿಣ ಇವೆ. ಹಿತ್ತಿಲ ನುಗ್ಗೆಸೊಪ್ಪು, ಗಂಜಿಯ ಜೊತೆಗೆ ಬೂತಾಯಿ ಮೀನು, ಊಟಕ್ಕೆ ಒಂದು ತುಂಡು ನಿಂಬೆ ಇದ್ದರೆ ಇನ್ನೂ ಒಳ್ಳೆಯದು. ನಿಂಬೆಯ ಹುಳಿ, ಸೊಪ್ಪು-ಧಾನ್ಯಗಳ ಕಬ್ಬಿಣವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಈ ಲಾಭ ಕುಗ್ಗುತ್ತದೆ.

ಇನ್ನೊಂದು ಮುಖ್ಯ ಸಂಗತಿ ಬಿ-12 ಜೀವಸತ್ವದ್ದು. ಸ್ಪಿರುಲಿನಾದಲ್ಲಿ ಬಿ-12 ಇದೆಯೆಂದು ಡಬ್ಬಿಯ ಮೇಲೆ ಬರೆದಿರುವುದುಂಟು. ಅದರಲ್ಲಿ ಹೆಚ್ಚಿನ ಪಾಲು ಮನುಷ್ಯನ ದೇಹಕ್ಕೆ ಉಪಯೋಗವಾಗದ ರೂಪದ್ದು. ಮೀನು, ಮಾಂಸ ತಿನ್ನದವರು ಹಾಲು, ಮೊಸರು, ಮೊಟ್ಟೆಯನ್ನು ಬಿಟ್ಟು ಇದನ್ನೇ ನಂಬಿದರೆ ನರಗಳಿಗೆ ಹಾನಿಯಾದೀತು.

ಪಾಚಿ ಒಳ್ಳೆಯದೆಂದು ಕೆರೆ, ಮದಕಗಳ ಹಸಿರು ಕೆನೆಯನ್ನು ತೆಗೆದು ತಿನ್ನುವುದು ಬೇಡವೇ ಬೇಡ. ನಿಂತ ನೀರಿನ ಕೆಲವು ನೀಲಿ-ಹಸಿರು ಪಾಚಿಗಳು ಪಿತ್ತಜನಕಾಂಗವನ್ನು ಕೆಡಿಸುವ ವಿಷವನ್ನು ಉಂಟುಮಾಡುತ್ತವೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅಂಥ ನೀರು ಕುಡಿದು ದನಗಳು ಸಾಯುವುದೂ ಉಂಟು.

ಇದನ್ನು ಬೆಳೆಸಿ ಮಾರಬಹುದೇ ಎಂದು ನಮ್ಮ ಯುವಕರು ಕೇಳಬಹುದು. ಬೆಳೆಸಲು ಸೋಡಾ ಬೆರೆಸಿದ ಕ್ಷಾರ ನೀರು, ಒಳ್ಳೆಯ ಬಿಸಿಲು, 30ರಿಂದ 35 ಡಿಗ್ರಿ ಶಾಖ, ಕಟ್ಟುನಿಟ್ಟಿನ ಶುಚಿತ್ವ ಬೇಕು. ಕಾಸರಗೋಡಿನ ಮಳೆಗಾಲದಲ್ಲಿ ಮಾಡಿಲ್ಲದ ತೊಟ್ಟಿ ಕೆಲವೇ ದಿನಗಳಲ್ಲಿ ಮಳೆನೀರಿನಿಂದ ತೆಳುವಾಗಿ ಕೆಡುತ್ತದೆ. ಕೊಳ್ಳುವವರು ಯಾರೆಂದು ಖಚಿತವಾಗುವ ಮೊದಲು ಸಾಲ ಮಾಡಿ ತೊಟ್ಟಿ ಕಟ್ಟಬೇಡಿ.

ಕೊಳ್ಳಲೇಬೇಕೆಂದಿರುವವರು ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆಯಿರುವ ಡಬ್ಬಿಯನ್ನೇ ಕೊಳ್ಳಲಿ. ಗರ್ಭಿಣಿಯರು, ರಕ್ತ ತೆಳುವಾಗಲು ಮಾತ್ರೆ ನುಂಗುವವರು, ಲೂಪಸ್‌ನಂಥ ರೋಗವಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮುಖ ಬಿಳುಚಿಕೊಂಡು, ಮೆಟ್ಟಿಲು ಹತ್ತುವಾಗ ಏದುಸಿರು ಬರುವ ತಾಯಂದಿರು ಮೊದಲು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಕಬ್ಬಿಣದ ಮಾತ್ರೆ ಅಲ್ಲಿ ಉಚಿತವಾಗಿ ದೊರೆಯುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ತಾಯಿಯ ಬಟ್ಟಲಿಗೂ ಮೊಟ್ಟೆ, ಮೀನಿನ ಪಾಲು ಬೀಳುವಂತೆ ಗಂಡಸರು ನೋಡಿಕೊಳ್ಳಬೇಕು.