ಹಿಡಿ ಒಂದು ಕಾಲದ್ದು, ಅಲಗು ಇನ್ನೊಂದು ಕಾಲದ್ದು

ಮಾರುವವರ ಮಾತು ನಂಬಿದರೆ ಹಳೆಯ ಖಡ್ಗಗಳೆಲ್ಲ ಯಾವನೋ ಅರಸನ ಸೊಂಟದಲ್ಲೇ ಇದ್ದವು. ಸಾಮಾನ್ಯ ಸಿಪಾಯಿಯ ಕತ್ತಿ ಎಂದು ಬರೆದು ಆನ್‌ಲೈನ್‌ನಲ್ಲಿ ಮಾರಾಟಕ್ಕಿಡುವವರು ಅಪರೂಪ. 2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು 1.4 ಕೋಟಿ ಪೌಂಡಿಗೆ ಹೋಯಿತು. ಆ ಬೆಲೆ ಬರೀ ಉಕ್ಕಿಗೆ ಬಂದದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಸೇನೆ ಅದನ್ನು ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟಿತೆಂಬುದಕ್ಕೆ ಖಡ್ಗದ ಮೇಲೇ ಬರಹವಿತ್ತು. ಅಂದರೆ ಜಾತಕ ಗಟ್ಟಿಯಿತ್ತು.

ಚೆನ್ನೈನ ಮಾಧವರಂನಲ್ಲಿ ಕೂತು ಮೊಬೈಲಿನಲ್ಲಿ ಖಡ್ಗ ತರಿಸಿಕೊಂಡವರಿಗೆ ಅಂಥ ಜಾತಕ ಸಿಗುವುದು ಕಷ್ಟ. ಕತ್ತಿಯನ್ನೇ ಓದಬೇಕು. ಓದುವುದನ್ನು ಹಿಡಿಯಿಂದ ಶುರು ಮಾಡುವುದು ವಾಸಿ, ಏಕೆಂದರೆ ಮೊದಲ ಮೋಸ ಅಲ್ಲಿಯೇ.

ನಮ್ಮ ತಲ್ವಾರಿನ ಅಲಗಿನ ಬುಡದ ಬಾಲ ಹಿಡಿಯ ಟೊಳ್ಳಿನೊಳಗೆ ಕೂತಿರುತ್ತದೆ. ಅದನ್ನು ಅಲ್ಲಿ ಕಚ್ಚಿ ಹಿಡಿಯುವುದು ಅರಗು. ಕಾಯಿಸಿದರೆ ಅರಗು ಮೆತ್ತಗಾಗಿ ಅಲಗು ಕೈಗೆ ಬರುತ್ತದೆ. ಹೊಸ ಹಿಡಿ ಹಾಕುವುದು ಕಮ್ಮಾರನಿಗೆ ಅರ್ಧ ದಿನದ ಕೆಲಸವೂ ಅಲ್ಲ. ಹಾಗಾಗಿ ಹಿಡಿ ಮತ್ತು ಅಲಗಿನ ವಯಸ್ಸಿನಲ್ಲಿ ನೂರು ವರ್ಷದ ಅಂತರ ಇರಬಹುದು, ಒಮ್ಮೊಮ್ಮೆ ಸಾವಿರಾರು ಮೈಲಿಯ ಅಂತರವೂ. ಯುರೋಪಿನಿಂದ ಬಂದ ಅಲಗಿಗೆ ದಕ್ಷಿಣದ ಕುಶಲಕರ್ಮಿಗಳು ತಮ್ಮ ಹಿಡಿ ಕೂಡಿಸಿದ್ದೇ 'ಫಿರಂಗಿ' ಖಡ್ಗ. ತಂಜಾವೂರು ಅರಮನೆಯ ಶಸ್ತ್ರಾಗಾರದಿಂದ ಬಂದ ಆಯುಧಗಳು ಚೆನ್ನೈನ ಎಗ್ಮೋರ್ ಸರ್ಕಾರಿ ಮ್ಯೂಸಿಯಂನಲ್ಲಿವೆ. ಮಾಧವರಂನವರಿಗೆ ಇದಕ್ಕಿಂತ ಹತ್ತಿರದ ಪಾಠಶಾಲೆ ಬೇಡ. ಅಲಗಿನ ಮೇಲೆ 'ಆಂಡ್ರಿಯಾ ಫೆರಾರಾ' ಎಂಬ ಹೆಸರೋ ಓಡುವ ತೋಳದ ಗುರುತೋ ಕಂಡ ಕೂಡಲೇ ಹಿಗ್ಗಬೇಕಿಲ್ಲ. ಇವು ಯುರೋಪಿನಲ್ಲೇ ಬೇಕಾದಷ್ಟು ನಕಲಾದ ಮುದ್ರೆಗಳು.

ಇನ್ನು ಉಕ್ಕು. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಒಂದಿಷ್ಟು ಹಸಿರೆಲೆ ಸೇರಿಸಿ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ತಿದಿ ಒತ್ತಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಯ ಇಂಗಾಲ ಕಬ್ಬಿಣಕ್ಕೆ ಇಳಿದು, ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲವಿರುವ ಉಕ್ಕಾಗುತ್ತಿತ್ತು. ಹೊರಜಗತ್ತು ಇದನ್ನು 'ವೂಟ್ಜ್' ಎಂದಿತು. ಇದರ ಅಲಗಿನ ಮೇಲೆ ಹರಿಯುವ ನೀರಿನಂಥ ಗೆರೆಗಳು ಏಳುತ್ತವೆ. ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೂವೆನ್, ಕಮ್ಮಾರ ಆಲ್ಫ್ರೆಡ್ ಪೆಂಡ್ರೇ ಮತ್ತು ಸಂಗಡಿಗರು 1998ರಲ್ಲಿ ಇದರ ಗುಟ್ಟು ತೋರಿಸಿದರು: ಅದಿರಿನೊಡನೆ ಬಂದ ವನೇಡಿಯಂನಂಥ ಧಾತುಗಳ ಲವಲೇಶ. ಮತ್ತೆ ಮತ್ತೆ ಕಾಯಿಸಿ ಬಡಿಯುವಾಗ ಗಟ್ಟಿ ಕಾರ್ಬೈಡ್ ಕಣಗಳು ಆ ಧಾತುಗಳಿದ್ದ ಕಡೆಯೇ ಸಾಲುಗಟ್ಟುತ್ತವೆ.

ಪರೀಕ್ಷೆಗೂ ಇದೇ ಆಧಾರ. ಗೆರೆಗಳು ಲೋಹದ ಒಳಗೇ ಇರುವುದರಿಂದ, ಉಜ್ಜಿ ಅಳಿಸಿದರೂ ಫೆರಿಕ್ ಕ್ಲೋರೈಡ್ ಸವರಿದಾಗ ಮತ್ತೆ ಮೂಡುತ್ತವೆ. ಸಾದಾ ಉಕ್ಕಿನ ಮೇಲೆ ಆಮ್ಲದಿಂದ ಬಿಡಿಸಿದ ಚಿತ್ತಾರ ಒಮ್ಮೆ ಹೋದರೆ ಹೋಯಿತು. ಹಾಗೆಂದು ಮನೆಯಲ್ಲಿ ಪ್ರಯೋಗಕ್ಕೆ ಇಳಿಯುವುದು ತಲೆಹರಟೆಯೇ ಸರಿ, ಅಲಗಿನ ಮೇಲಿನ ಸಣ್ಣ ಗುರುತುಗಳೂ ಜೊತೆಗೇ ಹೋಗುತ್ತವೆ.

ಆ ಸಣ್ಣ ಗುರುತುಗಳ ಬೆಲೆ ತಿಳಿಯಲು ಆದೋನಿಗೆ ಬರಬೇಕು. ಇಂದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿರುವ, ಕನ್ನಡಿಗರ ಬಾಯಲ್ಲಿ ಆದವಾನಿಯಾಗಿರುವ ಈ ಕೋಟೆ ಬಳ್ಳಾರಿ ಸೀಮೆಗೆ ನೆರೆ. ಬಿಜಾಪುರ 1686ರಲ್ಲಿ ಔರಂಗಜೇಬನ ವಶವಾದ ಮೇಲೂ ಆದಿಲ್‌ಶಾಹಿ ಸರದಾರ ಸಿದ್ದಿ ಮಸೂದ್ ಇಲ್ಲಿ ಪಟ್ಟು ಹಿಡಿದಿದ್ದ. ಕೋಟೆ ಬಿದ್ದಾಗ ಅಲ್ಲಿನ ಆಯುಧಗಳು ಮೊಘಲರ ಪರ ಬಂದಿದ್ದ ಬಿಕಾನೇರಿನ ಮಹಾರಾಜ ಅನೂಪ್ ಸಿಂಗನ ಜೊತೆ ರಾಜಸ್ಥಾನ ಸೇರಿದವು. ಬಿಕಾನೇರಿನ ಶಸ್ತ್ರಾಗಾರದವರು ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಮೊಳೆಯಂಥ ಉಳಿಯಿಂದ ಲೋಹದ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ನಾಗರಿ ಅಕ್ಷರ ಮೂಡಿಸಿದರು: ಅನೂಪ್ ಸಿಂಗನ ಹೆಸರು, ಆದೋನಿಯ ಹೆಸರು, ಸಂವತ್ 1746, ಅಂದರೆ ಕ್ರಿ.ಶ. 1689. ಆಮೇಲೆ ಈ ಸರಕು ಚದುರಿ ಹೊರದೇಶಗಳ ಹರಾಜುಕಟ್ಟೆಗಳನ್ನೂ ಮುಟ್ಟಿತು. ಎಲ್ಲಿ ಸಿಕ್ಕರೂ ಆ ಚುಕ್ಕಿಗಳು ಅದನ್ನು ದಖನ್ನಿನ ಒಂದು ಊರಿಗೆ, ಒಂದು ವರ್ಷಕ್ಕೆ ಕಟ್ಟಿಹಾಕುತ್ತವೆ. ಮಸೂರ ಬೇಕು, ಓರೆ ಬೆಳಕು ಬೇಕು. ತುಕ್ಕಿನ ನಡುವೆ ಅವು ಸುಮ್ಮನೆ ಕಾಣುವುದಿಲ್ಲ.

ಇನ್ನೊಂದು ಗುರುತು ಬರಿಗಣ್ಣಿಗೇ ಕಾಣುತ್ತದೆ. ಅಲಗಿನ ಬುಡದಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ಇಂಡಿಯಾ' ಎಂದು ಒತ್ತಿದ್ದರೆ ಅದು ರಫ್ತಿಗೆ ಹೋದ ಮಾಲು. ಆಮದು ಸರಕಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಕಾನೂನು ಜಾರಿ ಮಾಡಿದ್ದು 1891ರಲ್ಲಿ. ಪಾಣಿಪತ್ತಿನಲ್ಲಿ ಕಾದಿದ ಕತ್ತಿಗೆ ಈ ಮುದ್ರೆಯ ಅಗತ್ಯ ಬಿದ್ದಿರಲಾರದು!

ಕಾನೂನಿನ ತೊಡಕು ಬೇರೆ. ಒಂಬತ್ತು ಅಂಗುಲ ಮೀರಿದ ಹರಿತ ಅಲಗು ಆಯುಧ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಖಡ್ಗ ಪುರಾವಸ್ತು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹೀಗಾಗಿ, "ಮುನ್ನೂರು ವರ್ಷ ಹಳೆಯ ಖಡ್ಗ, ಯಾವ ದೇಶಕ್ಕಾದರೂ ಕಳಿಸುತ್ತೇವೆ" ಎಂದು ಇಲ್ಲಿಂದ ಜಾಹೀರಾತು ಬಂದರೆ ಕಾನೂನು ಮುರಿಯುತ್ತಿರಬೇಕು, ಇಲ್ಲವೇ ಖಡ್ಗ ಹೊಸದಿರಬೇಕು. ಹಳೆಯದರಂತೆ ಕಾಣುವ ವಸ್ತುವನ್ನು ಕಸ್ಟಮ್ಸ್ ದಾಟಿಸಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆ ಕೊಡುವ ಪ್ರಮಾಣಪತ್ರದಲ್ಲಿ ಇರುವುದೇ ಇದು ಪುರಾವಸ್ತುವಲ್ಲ ಎಂಬ ಮಾತು.