ಕಾರಿನ ಡಿಕ್ಕಿಯಲ್ಲಿ ನೀರು: ಒದ್ದೆಯಾದ ಲ್ಯಾಪ್‌ಟಾಪನ್ನು ಅಕ್ಕಿಯಲ್ಲಿಟ್ಟರೆ ಸರಿಹೋಗುತ್ತಾ?

ಮಳೆಗಾಲ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ಮೊಬೈಲ್, ಲ್ಯಾಪ್‌ಟಾಪ್ ನೀರಿಗೆ ಬಿದ್ದರೆ ಅಕ್ಕಿ ಡಬ್ಬದಲ್ಲಿ ಒಂದು ದಿನ ಹೂತಿಡಿ, ಕಾರಿನೊಳಗೆ ನೀರು ಬಂದರೆ ಒಂದು ಬಟ್ಟಲು ಕಲ್ಲುಪ್ಪು ಇಡಿ, ಎಲ್ಲ ಸರಿಹೋಗುತ್ತದೆ ಅಂತ. ಕೆಳಗೆ ಕೈಮುಗಿಯುವ ಎಮೋಜಿ, 'ಎಲ್ಲರಿಗೂ ತಲುಪಿಸಿ' ಎಂಬ ಮನವಿ.

ಈ ಸಲಹೆಯನ್ನು ನಂಬಿ ನಾನೇ ಒಮ್ಮೆ ಕೈಸುಟ್ಟುಕೊಂಡಿದ್ದೇನೆ. ಎಂಎ ಓದುವಾಗ ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಸಂದರ್ಶನಗಳಿಗೆ ಹೋಗಿದ್ದೆ. ಚಿಕ್ಕಪ್ಪನ ಹಳೇ ಕಾರು. ಲ್ಯಾಪ್‌ಟಾಪ್ ಬ್ಯಾಗು, ಧ್ವನಿ ರೆಕಾರ್ಡರ್ ಎರಡೂ ಡಿಕ್ಕಿಯಲ್ಲಿದ್ದವು. ಎರಡು ದಿನ ಬಿಡದೆ ಮಳೆ. ಮೂರನೇ ದಿನ ಡಿಕ್ಕಿ ತೆಗೆದರೆ ಮ್ಯಾಟಿನ ಕೆಳಗೆ ನೀರು, ಬ್ಯಾಗಿನ ತಳ ತೊಪ್ಪೆ. 'ಮೊದ್ಲು ಆನ್ ಆಗುತ್ತಾ ನೋಡು ಮಾರಾಯ್ತಿ' ಅಂದರು ಚಿಕ್ಕಪ್ಪ. ಲ್ಯಾಪ್‌ಟಾಪಿನ ಬಟನ್ ಒತ್ತಿದೆ. ಪರದೆ ಒಮ್ಮೆ ಬೆಳಗಿತು, ಆರಿತು, ಮತ್ತೆ ಬೆಳಗಲೇ ಇಲ್ಲ. ಆಮೇಲೆ ಎರಡು ದಿನ ಅಕ್ಕಿಯಲ್ಲಿಟ್ಟಿದ್ದೂ ಆಯಿತು. ರೆಕಾರ್ಡರ್ ಮಾತ್ರ ಉಳಿಯಿತು. ಅದರ ಸೆಲ್‌ಗಳನ್ನು ಚಿಕ್ಕಮ್ಮ ಮೊದಲೇ ತೆಗೆದು ಒರೆಸಿಟ್ಟಿದ್ದರು, ನಾಲ್ಕು ದಿನ ಯಾರೂ ಅದನ್ನು ಮುಟ್ಟಿರಲಿಲ್ಲ.

ಒಂದು ಘಟನೆಯಿಂದ ಏನನ್ನೂ ಸಾಬೀತು ಮಾಡಲಾಗದು, ನಿಜ. ಆದರೆ ಒಂದು ಹೋಗಿ ಇನ್ನೊಂದು ಉಳಿದದ್ದಕ್ಕೆ ವಿಜ್ಞಾನದಲ್ಲಿ ಸ್ಪಷ್ಟ ಕಾರಣವಿದೆ.

ಚುಟುಕಾಗಿ ಉತ್ತರ

ಅಕ್ಕಿ ಪ್ರಯೋಜನಕ್ಕೆ ಬಾರದು. ಒದ್ದೆಯಾದ ಸಾಧನವನ್ನು ಹೆಚ್ಚಾಗಿ ಕೊಲ್ಲುವುದು ಬರೀ ನೀರಲ್ಲ, ನೀರಿದ್ದಾಗ ಹರಿಯುವ ಕರೆಂಟು. ಆದ್ದರಿಂದ ಮೊದಲ ಕೆಲಸ ಒಣಗಿಸುವುದಲ್ಲ, ಕರೆಂಟು ತಪ್ಪಿಸುವುದು. ಇನ್ನು ಕಾರಿನ ವಿಷಯಕ್ಕೆ ಬಂದರೆ, ನೀರು ಎಲ್ಲಿಂದ ಬಂತು ಎಂದು ಹುಡುಕದೆ ಎಷ್ಟು ಒಣಗಿಸಿದರೂ ಮುಂದಿನ ಮಳೆಗೆ ಅದೇ ಕತೆ.

ನೀರು ಸರ್ಕ್ಯೂಟನ್ನು ಹೇಗೆ ಕೆಡಿಸುತ್ತದೆ?

ಪೂರ್ತಿ ಶುದ್ಧವಾದ ನೀರಿನಲ್ಲಿ ಕರೆಂಟು ಸುಲಭವಾಗಿ ಹರಿಯುವುದಿಲ್ಲ. ಆದರೆ ಡಿಕ್ಕಿಗೆ ಬರುವ ನೀರು ಶುದ್ಧವಲ್ಲ. ಕಾರಿನ ಮೈಮೇಲಿನ ಧೂಳು, ರಸ್ತೆಯ ಕೆಸರು, ತೊಳೆಯುವ ಶಾಂಪೂ ಎಲ್ಲ ಅದರಲ್ಲಿ ಸೇರಿರುತ್ತವೆ. ಇವುಗಳಲ್ಲಿನ ಲವಣಗಳು ಕರಗಿದಾಗ ನೀರು ಕರೆಂಟಿಗೆ ದಾರಿ ಕೊಡುತ್ತದೆ.

ಸರ್ಕ್ಯೂಟ್ ಬೋರ್ಡಿನಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ ತಾಮ್ರದ ಗೆರೆಗಳಿರುತ್ತವೆ. ಅಲ್ಲಿ ಒಂದು ಹನಿ ಕೂತು, ಜೊತೆಗೆ ಬ್ಯಾಟರಿಯ ಕರೆಂಟೂ ಇದ್ದರೆ, ಪಾಸಿಟಿವ್ ಬದಿಯ ಲೋಹ ಕರಗಿ ನೆಗೆಟಿವ್ ಬದಿಗೆ ಹೋಗಿ ಅಂಟುತ್ತದೆ. ಅದು ಬೇರಿನಂತೆ ಎಳೆಎಳೆಯಾಗಿ ಬೆಳೆದು ಎರಡು ಗೆರೆಗಳನ್ನು ಸೇರಿಸಿಬಿಟ್ಟರೆ ಶಾರ್ಟ್ ಸರ್ಕ್ಯೂಟ್. ಇದಕ್ಕೆ ದಿನಗಟ್ಟಲೆ ಬೇಕಿಲ್ಲ, ಕೆಲವೊಮ್ಮೆ ನಿಮಿಷಗಳೇ ಸಾಕು. ಕರೆಂಟೇ ಇಲ್ಲದಿದ್ದರೆ ತುಕ್ಕು ನಿಧಾನವಾಗಿ ಹಿಡಿಯುತ್ತದೆ, ಸ್ವಚ್ಛ ಮಾಡಲು ಸಮಯ ಸಿಗುತ್ತದೆ.

'ಆನ್ ಆಗುತ್ತಾ ನೋಡೋಣ' ಎನ್ನುವುದು ಅದಕ್ಕೇ ಅತಿ ದುಬಾರಿ ಪರೀಕ್ಷೆ. ಚಾರ್ಜರ್ ಹಾಕಿ ನೋಡುವುದು ಅದಕ್ಕಿಂತ ದುಬಾರಿ.

ಹಾಗಾದರೆ ಅಕ್ಕಿ?

ಅಕ್ಕಿಯ ಕಾಳು ಹೊರಗಿದ್ದುಕೊಂಡು ಲ್ಯಾಪ್‌ಟಾಪಿನೊಳಗೆ ಸಂದಿಯಲ್ಲಿರುವ ನೀರನ್ನು ಸೆಳೆಯಲಾರದು. ಡಬ್ಬದೊಳಗೆ ಗಾಳಿ ಆಡುವುದಿಲ್ಲ, ಹಾಗಾಗಿ ಫ್ಯಾನಿನ ಕೆಳಗೆ ಸುಮ್ಮನೆ ಇಟ್ಟರೆ ಒಣಗುವಷ್ಟೂ ಅಲ್ಲಿ ಒಣಗುವುದಿಲ್ಲ. ಮೇಲಾಗಿ ಅಕ್ಕಿಯ ಹಿಟ್ಟು, ನುಚ್ಚು ಚಾರ್ಜಿಂಗ್ ಕಿಂಡಿಗೆ ಸೇರುತ್ತದೆ. ಅಕ್ಕಿಯ ಕಣಗಳಿಂದ ಫೋನಿಗೆ ಹಾನಿಯಾಗಬಹುದು, ಅಕ್ಕಿ ಚೀಲದಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ ತನ್ನ ಐಫೋನ್ ಬಳಕೆದಾರರಿಗೆ ಹೇಳಿದೆ.

ಅಕ್ಕಿಯಲ್ಲಿಟ್ಟ ಫೋನ್ ಸರಿಹೋದ ಉದಾಹರಣೆ ನಿಮಗೂ ಗೊತ್ತಿರಬಹುದು. ಅಲ್ಲಿ ಕೆಲಸ ಮಾಡಿದ್ದು ಅಕ್ಕಿಯಲ್ಲ, ಒಂದು ದಿನ ಯಾರೂ ಅದನ್ನು ಆನ್ ಮಾಡದೆ ಬಿಟ್ಟದ್ದು.

ಡಿಕ್ಕಿಯಲ್ಲಿ ಒದ್ದೆಯಾದ ವಸ್ತು ಸಿಕ್ಕರೆ ಏನು ಮಾಡಬೇಕು?

1. ಆನ್ ಇದ್ದರೆ ತಕ್ಷಣ ಆಫ್ ಮಾಡಿ. ಆಫ್ ಇದ್ದರೆ ಹಾಗೇ ಬಿಡಿ.
2. ಬ್ಯಾಟರಿ, ಸೆಲ್, ಸಿಮ್, ಮೆಮೊರಿ ಕಾರ್ಡ್, ತೆಗೆಯಲು ಬರುವುದೆಲ್ಲವನ್ನೂ ತೆಗೆಯಿರಿ.
3. ಒರೆಸಿ. ಕಿಂಡಿಗಳು ಕೆಳಮುಖವಾಗುವಂತೆ ಓರೆಯಾಗಿ ಇಟ್ಟು ಫ್ಯಾನ್ ಹಾಕಿ. ಅಲುಗಾಡಿಸಬೇಡಿ, ನೀರು ಇನ್ನೂ ಒಳಗೆ ಹೋಗುತ್ತದೆ.
4. ಹೇರ್ ಡ್ರೈಯರ್ ಬಿಸಿಗಾಳಿ ಬೇಡ, ಸುಡುಬಿಸಿಲೂ ಬೇಡ. ಲಿಥಿಯಂ ಬ್ಯಾಟರಿಗೆ ಬಿಸಿ ಒಳ್ಳೆಯದಲ್ಲ.
5. ಬೆಲೆಬಾಳುವ ವಸ್ತುವಾದರೆ ಆದಷ್ಟು ಬೇಗ ರಿಪೇರಿಯವರಲ್ಲಿಗೆ ಒಯ್ಯಿರಿ. ಅವರು ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬೋರ್ಡನ್ನು ತೊಳೆಯುತ್ತಾರೆ. ನೀರು ಆರಿದ ಮೇಲೂ ಉಳಿಯುವ ಲವಣದ ಪದರ ಹೋಗುವುದು ಹೀಗೆ ತೊಳೆದಾಗಲೇ. 'ಒಣಗಿದೆ' ಎಂದರೆ 'ಸರಿಹೋಗಿದೆ' ಎಂದಲ್ಲ.
6. ಹಾರ್ಡ್ ಡಿಸ್ಕಿನಲ್ಲಿ ಮದುವೆ ಫೋಟೋ, ಲೆಕ್ಕಪತ್ರದಂಥ ಮುಖ್ಯ ಫೈಲುಗಳಿದ್ದರೆ ಒಮ್ಮೆಯೂ ಕಂಪ್ಯೂಟರಿಗೆ ಹಾಕಿ ನೋಡಬೇಡಿ. ನೇರವಾಗಿ ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಪವರ್ ಬ್ಯಾಂಕ್ ನೀರಲ್ಲಿ ನೆನೆದಿದ್ದರೆ, ಊದಿಕೊಂಡಿದ್ದರೆ ಅದರ ಆಸೆ ಬಿಡಿ. ಚಾರ್ಜಿಗೆ ಹಾಕಬೇಡಿ, ಮನೆಯೊಳಗೂ ಇಡಬೇಡಿ. ಹೊರಗೆ ಸುಡುವ ವಸ್ತುಗಳಿಂದ ದೂರವಿಟ್ಟು ಇ-ತ್ಯಾಜ್ಯ ಪಡೆಯುವವರಿಗೆ ತಲುಪಿಸಿ.

ಕಾರಿನದೇ ಎಲೆಕ್ಟ್ರಾನಿಕ್ಸ್ ಒದ್ದೆಯಾಗಿದ್ದರೆ?

ಡಿಕ್ಕಿ ಖಾಲಿ ಜಾಗ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಅನೇಕ ಕಾರುಗಳಲ್ಲಿ ಪಾರ್ಕಿಂಗ್ ಸೆನ್ಸರಿನ ಪೆಟ್ಟಿಗೆ, ಹಿಂದಿನ ಲೈಟುಗಳ ವೈರಿಂಗ್, ವೂಫರ್, ಆಂಪ್ಲಿಫೈಯರ್ ಇರುವುದು ಅದರ ಪಕ್ಕದ ಪ್ಲಾಸ್ಟಿಕ್ ಹೊದಿಕೆಯ ಹಿಂದೆ. ಕೆಲವು ಕಾರುಗಳ 12 ವೋಲ್ಟ್ ಬ್ಯಾಟರಿಯೂ ಡಿಕ್ಕಿಯಲ್ಲೇ ಇರುತ್ತದೆ.

ಏನೂ ಅಡ್ಡ ಇಲ್ಲದಿದ್ದರೂ ರಿವರ್ಸ್ ಸೆನ್ಸರ್ ಕೂಗುವುದು, ಕ್ಯಾಮೆರಾ ಮಂಜಾಗುವುದು, ಸೆಂಟ್ರಲ್ ಲಾಕ್ ತಾನೇ ಕೆಲಸ ಮಾಡುವುದು, ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಿಗ್ಗೆ ಸತ್ತಿರುವುದು, ಒಳಗಿನ ಗಾಜುಗಳು ದಿನವೂ ಮಂಜುಗಟ್ಟುವುದು: ಇಂಥದ್ದೇನಾದರೂ ಕಂಡರೆ ಒಮ್ಮೆ ಸ್ಟೆಪ್ನಿ ತೆಗೆದು ಕೆಳಗೆ ನೋಡಿ. ಡಿಕ್ಕಿಯ ಅತಿ ತಗ್ಗು ಜಾಗ ಅದೇ, ನೀರು ಮೊದಲು ನಿಲ್ಲುವುದು ಅಲ್ಲೇ.

ನೀರು ಕಂಡರೆ ಕಾರು ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ. ಬಟನ್ನಿನಿಂದ ತೆರೆಯುವ ಡಿಕ್ಕಿಯಾದರೆ ಆಗ ಬಾಗಿಲು ಮುಚ್ಚಬೇಡಿ, ಕರೆಂಟಿಲ್ಲದೆ ಮತ್ತೆ ತೆರೆಯದಿರಬಹುದು. ಕನೆಕ್ಟರುಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ತುಕ್ಕು, ಮೆಕ್ಯಾನಿಕ್ ಅಥವಾ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬ್ಯಾಟರಿಯೇ ನೀರಲ್ಲಿ ನಿಂತಿದ್ದರೆ ಕೈಹಾಕಬೇಡಿ, ಗ್ಯಾರೇಜಿನವರನ್ನು ಕರೆಸಿ.

ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ನಿಲ್ಲಿಸಿ. ಅದು ಪ್ರಾಣ ತೆಗೆಯುವಷ್ಟು ವೋಲ್ಟೇಜಿನ ಲೈನು. ಉಪ್ಪುನೀರು ಹೊಕ್ಕ ದೊಡ್ಡ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಯಾನ್ ಚಂಡಮಾರುತದ ಬಳಿಕ ಸಮುದ್ರದ ನೀರಲ್ಲಿ ಮುಳುಗಿದ್ದ ಎಲೆಕ್ಟ್ರಿಕ್ ಕಾರುಗಳು ಹೀಗೆ ಬೆಂಕಿಗೆ ಆಹುತಿಯಾಗಿದ್ದವು. ನಮ್ಮ ಕರಾವಳಿಯವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಅದರ ಪಟ್ಟಿ, ಸ್ಟ್ಯಾಂಡುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಇದ್ದರೆ ಅಧಿಕೃತ ಕೇಂದ್ರಕ್ಕೆ ತೋರಿಸಿ, ನೀವಾಗಿ ಬಿಚ್ಚಬೇಡಿ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಹೈಡ್ರೋ ಟೆಸ್ಟ್ ಬಾಕಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ನೀರು ಬಂದದ್ದು ಎಲ್ಲಿಂದ?

ನೀರು ನಿಂತ ಜಾಗವೇ ಸೋರಿದ ಜಾಗ ಆಗಿರಬೇಕಿಲ್ಲ. ಮನೆಯ ತಾರಸಿ ಒಂದು ಕಡೆ ಸೋರಿ ಗೋಡೆಯ ಇನ್ನೊಂದು ಕಡೆ ಒದ್ದೆಯಾಗುವಂತೆ ಇಲ್ಲೂ ನೀರು ತಗಡಿನ ಒಳಬದಿಯಲ್ಲಿ ಹರಿದು ಬರುತ್ತದೆ. ಸಾಮಾನ್ಯ ದಾರಿಗಳು ಇವು:

- ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿರುವುದು, ಒಣಗಿ ಗಟ್ಟಿಯಾಗಿರುವುದು
- ಹಿಂದಿನ ಲೈಟುಗಳ ಹಿಂದಿರುವ ಸ್ಪಂಜಿನಂಥ ಗ್ಯಾಸ್ಕೆಟ್ ಹಾಳಾಗಿರುವುದು. ಅಪಘಾತದ ರಿಪೇರಿಯಲ್ಲಿ ಲೈಟ್ ಬಿಚ್ಚಿ ಹಾಕಿದ್ದರೆ ಇಲ್ಲೇ ಮೊದಲು ನೋಡಿ
- ಮೇಲಿನ ಬ್ರೇಕ್ ಲೈಟು, ಚಾವಣಿಯ ಆಂಟೆನಾ, ಹಿಂದಿನ ವೈಪರಿನ ಬುಡ ಮತ್ತು ಅದಕ್ಕೆ ನೀರು ತರುವ ಪೈಪು
- ಬಂಪರಿನ ಹಿಂದಿರುವ ಗಾಳಿಕಿಂಡಿ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲೆಂದು ಇಟ್ಟದ್ದು, ಅದರ ಸುತ್ತಲಿನ ರಬ್ಬರ್ ಸಡಿಲವಾದರೆ ನೀರು ಬರುತ್ತದೆ
- ಸನ್‌ರೂಫ್ ಇದ್ದರೆ ಅದರ ನೀರಿಳಿಯುವ ಪೈಪು ಕಸ ಕಟ್ಟಿರುವುದು
- ಡಿಕ್ಕಿಯ ತಳದ ರಬ್ಬರ್ ಬಿರಡೆ ಕಳಚಿರುವುದು. ನೀರು ನಿಂತ ರಸ್ತೆಯಲ್ಲಿ ಹೋದಾಗ ಕೆಳಗಿನಿಂದ ತುಂಬುತ್ತದೆ

ಮನೆಯಲ್ಲೇ ಹುಡುಕುವ ಬಗೆ

ಬೀಡಿಂಗಿಗೆ ಒಂದು ಕಾಗದದ ಚೂರು ಸಾಕು. ಬೀಡಿಂಗ್ ಮೇಲೆ ಕಾಗದ ಇಟ್ಟು ಡಿಕ್ಕಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದರೆ ಅಲ್ಲಿ ಒತ್ತು ಸಾಲುತ್ತಿಲ್ಲ. ಸುತ್ತಲೂ ಹೀಗೆ ನೋಡಿ.

ಆಮೇಲೆ ನೀರಿನ ಪರೀಕ್ಷೆ. ಮ್ಯಾಟ್, ಸ್ಟೆಪ್ನಿ ತೆಗೆದು ಪೂರ್ತಿ ಒರೆಸಿ, ಅನುಮಾನದ ಜಾಗಗಳಲ್ಲಿ ಸೀಮೆಸುಣ್ಣದ ಪುಡಿ ಅಥವಾ ಮುಖದ ಪೌಡರ್ ಉದುರಿಸಿ. ಡಿಕ್ಕಿ ಮುಚ್ಚಿ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಕೆಳಗಿನಿಂದ ಶುರುಮಾಡಿ, ಒಂದೊಂದು ಜಾಗಕ್ಕೆ ಐದು ನಿಮಿಷ ಬಿಟ್ಟು ಮೇಲಕ್ಕೆ ಹೋಗಿ. ಪ್ರತಿ ಸಲವೂ ತೆರೆದು ನೋಡಿ. ನೀರು ಇಳಿದ ಕಡೆ ಪುಡಿಯಲ್ಲಿ ಗೆರೆ ಮೂಡಿರುತ್ತದೆ. ಮೊದಲೇ ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಮಕ್ಕಳನ್ನು ಮಾತ್ರ ಟಾರ್ಚ್ ಕೊಟ್ಟು ಡಿಕ್ಕಿಯೊಳಗೆ ಕೂರಿಸಬೇಡಿ.

ದಾರಿ ಸಿಕ್ಕರೆ ಆ ಗ್ಯಾಸ್ಕೆಟ್ ಅಥವಾ ಬೀಡಿಂಗ್ ಬದಲಿಸಿ. ಸಿಕ್ಕಲ್ಲೆಲ್ಲ ಸಿಲಿಕೋನ್ ಮೆತ್ತುವುದು ಪರಿಹಾರವಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಅದರಿಂದ ತಗಡಿಗೇ ತುಕ್ಕು ಹಿಡಿಯಬಹುದು.

ಉಪ್ಪಿನ ಬಟ್ಟಲು ಒಣಗಿಸುತ್ತದೆಯೇ?

ಲೆಕ್ಕ ಹಾಕಿ ನೋಡೋಣ. ತೇವ ಹೀರುವುದರಲ್ಲಿ ಉಪ್ಪಿಗಿಂತ ಹೆಸರಾದದ್ದು ಸಿಲಿಕಾ ಜೆಲ್, ಹೊಸ ಶೂ ಡಬ್ಬದಲ್ಲಿ ಬರುವ ಪುಟ್ಟ ಪೊಟ್ಟಣ. ಅದು ಹೀರಬಲ್ಲದ್ದು ಹೆಚ್ಚೆಂದರೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು. ಮ್ಯಾಟಿನ ಕೆಳಗೆ ಒಂದು ಲೀಟರ್ ನೀರಿದ್ದರೆ ಸುಮಾರು ಮೂರು ಕೆಜಿ ಜೆಲ್ ಬೇಕು. 5 ಗ್ರಾಂ ಪೊಟ್ಟಣವಾದರೆ 600! ಒಂದು ಬಟ್ಟಲು ಉಪ್ಪಿನಿಂದ ಆಗುವ ಕೆಲಸವಲ್ಲ ಇದು. ಬದಲಿಗೆ ಉಪ್ಪು ಚೆಲ್ಲಿದರೆ ತುಕ್ಕಿಗೆ ಇನ್ನಷ್ಟು ದಾರಿ.

ತಳದ ರಬ್ಬರ್ ಬಿರಡೆ ತೆಗೆದು ನೀರು ಹರಿಸಿ, ಬಟ್ಟೆಯಲ್ಲಿ ಒರೆಸಿ, ಬಿರಡೆ ಮತ್ತೆ ಹಾಕಿ. ಮ್ಯಾಟನ್ನೂ ಅದರಡಿಯ ದಪ್ಪ ಫೆಲ್ಟನ್ನೂ ಹೊರಗೆ ತೆಗೆದು ಒಣಗಿಸಿ. ಮೇಲೆ ಒಣಗಿದಂತೆ ಕಂಡರೂ ಫೆಲ್ಟ್ ಒಳಗೆ ನೀರು ಹಿಡಿದಿಟ್ಟಿರುತ್ತದೆ, ಮುಗ್ಗಲು ವಾಸನೆ ಬರುವುದು ಅದರಿಂದಲೇ.

ವಿಮೆ ಸಿಗುತ್ತದೆಯೇ?

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದಾಗ ಎಷ್ಟೋ ಜನ ಕೇಳಿದ ಪ್ರಶ್ನೆ ಇದು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಕಾರಿನ ಹಾನಿಗೆ ಏನೂ ಸಿಗದು. ಕಾಂಪ್ರಹೆನ್ಸಿವ್ ವಿಮೆಯಲ್ಲಿ ಪ್ರವಾಹದ ಹಾನಿ ಸೇರುತ್ತದೆ. ಆದರೆ ಹಳೇ ಬೀಡಿಂಗ್ ಸವೆದು ನಿಧಾನವಾಗಿ ಸೋರಿದ್ದನ್ನು ಸವೆತ ಎಂದೇ ಪರಿಗಣಿಸುತ್ತಾರೆ. ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರನ್ನು ಪಾಲಿಸಿಯಲ್ಲಿ ನಮೂದಿಸಿರಬೇಕು. ಡಿಕ್ಕಿಯಲ್ಲಿಟ್ಟ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಕಾರಿನ ವಿಮೆಗೆ ಸೇರುವುದಿಲ್ಲ. ಏನೇ ಇರಲಿ, ಒರೆಸುವ ಮೊದಲು ಫೋಟೋ, ವಿಡಿಯೋ ತೆಗೆದಿಡಿ.

ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನು ಮಾಡಿ

ಒದ್ದೆಯಾದ ಸಾಧನದ ಬಟನ್ ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ತೆಗೆಯಿರಿ, ಗಾಳಿಗೆ ಇಡಿ, ಬಲ್ಲವರಿಗೆ ತೋರಿಸಿ. ಕಾರನ್ನು ಒಣಗಿಸುವುದರ ಜೊತೆಗೆ ಸೋರುವ ಜಾಗವನ್ನೂ ಹುಡುಕಿ.

ನನ್ನ ಲ್ಯಾಪ್‌ಟಾಪಿನಲ್ಲಿದ್ದ ಟಿಪ್ಪಣಿಗಳು ಹೋದವು. ಆಗುಂಬೆಯ ಅಜ್ಜಿಯರ ದನಿಗಳು ರೆಕಾರ್ಡರಿನಲ್ಲಿದ್ದದ್ದರಿಂದ ಉಳಿದವು, ಅವುಗಳಿಂದಲೇ ಪ್ರಬಂಧ ಮುಗಿಸಿದೆ. ಚಿಕ್ಕಪ್ಪನ ಕಾರಿನಲ್ಲಿ ಸೋರುತ್ತಿದ್ದದ್ದು ಎಡಗಡೆಯ ಹಿಂದಿನ ಲೈಟಿನ ಗ್ಯಾಸ್ಕೆಟ್. ಅಕ್ಕಿಯನ್ನು ಚಿಕ್ಕಮ್ಮ ಕೋಳಿಗಳಿಗೆ ಹಾಕಿದರು.